ಬರಲಾಗದವನ ಸೀಟು ಯಾರಿಗೆ?

2024ರ ಡಿಸೆಂಬರ್ 7, ಶನಿವಾರ ಸಂಜೆ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಐಎಸ್‌ಎಲ್ ಪಂದ್ಯ. ಎರಡು ಗೋಲುಗಳ ಮುನ್ನಡೆ ಕೈತಪ್ಪಿ 2–2 ಆದ ಮೇಲೆ ನಲವತ್ತರ ಸುನಿಲ್ ಚೆಟ್ರಿ ಮತ್ತೆರಡು ಗೋಲು ಹೊಡೆದು ಹ್ಯಾಟ್ರಿಕ್ ಪೂರೈಸಿದರು. ಬೆಂಗಳೂರು 4–2ರಿಂದ ಗೆದ್ದಿತು. ಇಡೀ ಸೀಸನ್ನಿನ ಟಿಕೆಟ್ ಕೊಂಡಿದ್ದ ನಾನು ಆ ಹೊತ್ತಿನಲ್ಲಿ ಭಂಡಿಗಡಿಯ ನಮ್ಮ ಮನೆಯಂಗಳದಲ್ಲಿ ಅಡಿಕೆ ಸುಲಿಯುವವರಿಗೆ ಕಾಫಿ ಕೊಡುತ್ತಿದ್ದೆ. ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ. ಕಾಫಿ ಲೋಟ ಕೆಳಗಿಟ್ಟು ಆ ಮೂಲೆಗೆ ಹೋಗಿ ಸ್ಕೋರ್ ನೋಡಿ ಬರುವುದೇ ಆಯಿತು.

ಮಲೆನಾಡಿನ ಮಕ್ಕಳಿಗೆ ಇದು ಹೊಸತಲ್ಲ. ಫುಟ್‌ಬಾಲ್ ಸೀಸನ್ನೂ ಅಡಿಕೆ ಕೊಯ್ಲೂ ಒಟ್ಟೊಟ್ಟಿಗೇ ಬರುತ್ತವೆ. ಕೊನೆಗಾರರು ಸಿಕ್ಕ ದಿನವೇ ಕೊಯ್ಲು. ಅವರು ಐಎಸ್‌ಎಲ್ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ. ಟಿಕೆಟ್ ಕೊಳ್ಳುವಾಗ ಇದು ನನಗೆ ಹೊಳೆಯಬೇಕಿತ್ತು. ಒಂದೊಂದು ಪಂದ್ಯಕ್ಕೆ ಬೇರೆ ಬೇರೆಯಾಗಿ ಕೊಂಡರೆ ಹೆಚ್ಚು, ಇಡಿಯಾಗಿ ಕೊಂಡರೆ ಕಡಿಮೆ ಎಂಬ ಲೆಕ್ಕವಷ್ಟೇ ತಲೆಯಲ್ಲಿತ್ತು.

ಮರುದಿನ ಗೆಳೆಯನೊಬ್ಬ ಫೋನ್ ಮಾಡಿದ. ಬಿಇ ಮುಗಿಸಿ, ಬೆಂಗಳೂರಿನಲ್ಲೇ ರೂಮು ಮಾಡಿಕೊಂಡು ಇಂಟರ್‌ವ್ಯೂಗಳಿಗೆ ಅಲೆಯುತ್ತಿರುವವನು. ಅವನಿಗೆ ಬೇಕಾದ ಬೆಲೆಯ ಟಿಕೆಟ್ ಆನ್‌ಲೈನ್‌ನಲ್ಲಿ ಸಿಗದೆ, ಹೊರಗೆ ಯಾರೋ ಅಪರಿಚಿತನಿಗೆ ದುಪ್ಪಟ್ಟು ಕೊಟ್ಟು ಒಳಗೆ ಹೋಗಿದ್ದನಂತೆ. ಹೋಗಿ ನೋಡಿದರೆ ನಮ್ಮ ಸ್ಟ್ಯಾಂಡಿನಲ್ಲೇ ಅಲ್ಲಲ್ಲಿ ಜಾಗ ಖಾಲಿ. ‘ಅದರಲ್ಲಿ ಒಂದು ನಿಂದೇ ಅಲ್ವೇನೋ? ಒಂದು ಮೆಸೇಜ್ ಹಾಕಕ್ಕೆ ಏನಾಗಿತ್ತು ಮಾರಾಯ?’ ಎಂದ. ಅಪ್ಪಯ್ಯನಿಗೆ ವಿಷಯ ಹೇಳಿದರೆ ಅವರು ಕೇಳಿದ್ದೂ ಹೆಚ್ಚುಕಡಿಮೆ ಅದೇ: ‘ದುಡ್ಡು ಕೊಟ್ಟ ಸೀಟು ಸುಮ್ಮನೆ ಬಿಟ್ಟು ಬಂದ್ಯಾ?’

ನಿಜ ಹೇಳಬೇಕೆಂದರೆ, ಆ ವಾರ ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಆ ಪಂದ್ಯದ ಟಿಕೆಟ್‌ಗೆ ಎರಡೂವರೆ ಪಟ್ಟು ಕೊಡುತ್ತೇನೆಂದು ಒಬ್ಬರು ಹಾಕಿದ್ದರು. ನನ್ನ ಬೆರಳು ಉತ್ತರ ಬರೆಯುವವರೆಗೂ ಹೋಗಿತ್ತು. ಬಸ್ ಚಾರ್ಜು ಹುಟ್ಟುತ್ತದೆ ಎನಿಸಿತು. ಆಮೇಲೆ ಹೆದರಿ ಸುಮ್ಮನಾದೆ. ತತ್ವ ಗಿತ್ವ ಏನೂ ಅಲ್ಲ, ಬರೀ ಹೆದರಿಕೆ. ಹೀಗೆ ಸೀಟು ಮಾರಾಟವೂ ಆಗಲಿಲ್ಲ, ಯಾರಿಗೂ ಸಿಗಲೂ ಇಲ್ಲ.

ಖಾಲಿ ಸೀಟಿನ ನೋವು ಏನೆಂದು ಈ ದೇಶಕ್ಕೆ ಹೇಳಿದ್ದೂ ಚೆಟ್ರಿಯೇ. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಚೈನೀಸ್ ತೈಪೆ ವಿರುದ್ಧ ಭಾರತ ಆಡಿದಾಗ ಬಂದಿದ್ದವರು 2,569 ಮಂದಿ. ಅವತ್ತೂ ಚೆಟ್ರಿ ಹ್ಯಾಟ್ರಿಕ್ ಹೊಡೆದಿದ್ದರು. ಆಮೇಲೆ ಅವರು ವಿಡಿಯೊ ಮಾಡಿ, ಬೇಕಾದರೆ ನಮ್ಮನ್ನು ಬೈಯಿರಿ, ಆದರೆ ಕ್ರೀಡಾಂಗಣಕ್ಕೆ ಬಂದು ಬೈಯಿರಿ ಎಂದು ಕೇಳಿಕೊಂಡರು. ಮುಂದಿನ ಕೆನ್ಯಾ ಪಂದ್ಯದ ಟಿಕೆಟ್‌ಗಳು ಪೂರ್ತಿ ಮಾರಾಟವಾದವು. ಅದು ಟಿಕೆಟ್ ಯಾರಿಗೂ ಬೇಡವಾಗಿ ಖಾಲಿಯಾಗಿದ್ದ ಸೀಟು. ನನ್ನದು ಬೇರೆ ಜಾತಿಯದು: ದುಡ್ಡು ಸಂದಾಯವಾಗಿದೆ, ಪಂದ್ಯ ನೋಡಲು ಹಪಹಪಿಸುವವನು ಗೇಟಿನ ಹೊರಗೇ ನಿಂತಿದ್ದಾನೆ, ಆದರೂ ಸೀಟು ಖಾಲಿ. ಮೊದಲನೆಯದನ್ನು ವಿಡಿಯೊ ಮಾಡಿ ತುಂಬಿಸಬಹುದು. ಎರಡನೆಯದನ್ನು ನಿಯಮದಿಂದ ಮಾತ್ರ ತುಂಬಿಸಬಹುದು.

ನಮ್ಮಲ್ಲಿ ಪಂದ್ಯವಿರಲಿ, ಸಂಗೀತ ಕಛೇರಿಯಿರಲಿ, ಟಿಕೆಟ್ಟಿನ ಸಣ್ಣ ಅಕ್ಷರಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾತು ಎರಡು: ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ, ಮರುಮಾರಾಟ ಮಾಡುವಂತಿಲ್ಲ. ಐಪಿಎಲ್ ಬಂದಾಗಲೆಲ್ಲ ಬ್ಲಾಕ್ ಟಿಕೆಟ್ ಮಾರುವವರನ್ನು ಸಿಸಿಬಿ ಪೊಲೀಸರು ಹಿಡಿದ ಸುದ್ದಿ ಓದುತ್ತೇವೆ. 2024ರ ಸೆಪ್ಟೆಂಬರ್‌ನಲ್ಲಿ ಕೋಲ್ಡ್‌ಪ್ಲೇ ಕಾರ್ಯಕ್ರಮದ ಟಿಕೆಟ್‌ಗಳು ಹಲವು ಪಟ್ಟು ಬೆಲೆಗೆ ಮರುಮಾರಾಟಕ್ಕೆ ಬಂದಾಗ ವಿಷಯ ಬಾಂಬೆ ಹೈಕೋರ್ಟ್‌ವರೆಗೂ ಹೋಯಿತು. ಇದಕ್ಕೆ ನಿಯಮ ರೂಪಿಸುವುದು ಶಾಸಕಾಂಗ ಮತ್ತು ಸರ್ಕಾರದ ಕೆಲಸ ಎಂದು ಹೇಳಿ ಕೋರ್ಟ್ 2025ರ ಜನವರಿಯಲ್ಲಿ ಅರ್ಜಿ ವಜಾ ಮಾಡಿತು. ಅಲ್ಲಿಗೆ ಚರ್ಚೆಯೂ ತಣ್ಣಗಾಯಿತು.

ಇಂಗ್ಲೆಂಡಿನಲ್ಲಿ 1994ರ ಒಂದು ಕಾಯ್ದೆಯ 166ನೇ ಕಲಂ ಪ್ರಕಾರ ಅನುಮತಿಯಿಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದೇ ಅಪರಾಧ. ಎದುರಾಳಿ ಅಭಿಮಾನಿಗಳನ್ನು ಬೇರೆ ಬೇರೆ ಕೂರಿಸದಿದ್ದರೆ ಹೊಡೆದಾಟ ಎಂಬ ಭಯ ಅದರ ಹಿಂದಿದೆ. ಯಾರ ಕೈಯಲ್ಲಿ ಯಾವ ಟಿಕೆಟ್ ಇದೆ ಎಂಬುದು ಗೊತ್ತಿರಬೇಕು. ಆದರೆ ಅಲ್ಲಿನವರು ನಿಷೇಧ ಹಾಕಿ ಕೈಕಟ್ಟಿ ಕೂರಲಿಲ್ಲ. ಆರ್ಸೆನಲ್, ಲಿವರ್‌ಪೂಲ್‌ನಂಥ ಕ್ಲಬ್‌ಗಳಲ್ಲಿ ಸೀಸನ್ ಟಿಕೆಟ್ ಇದ್ದವನಿಗೆ ಬರಲಾಗದಿದ್ದರೆ ಆ ಪಂದ್ಯದ ಸೀಟನ್ನು ಕ್ಲಬ್ಬಿನ ಮೂಲಕವೇ ಬಿಟ್ಟುಕೊಡಬಹುದು. ಕ್ಲಬ್ ಅದನ್ನು ಇನ್ನೊಬ್ಬ ಸದಸ್ಯನಿಗೆ ಮಾರುತ್ತದೆ. ಮಾರಾಟವಾದರೆ ಬಿಟ್ಟವನಿಗೆ ಆ ಪಂದ್ಯದ ಪಾಲಿನ ಹಣ ಜಮೆಯಾಗುತ್ತದೆ, ಲಾಭ ಇಲ್ಲ. ಇನ್ನು ಜರ್ಮನಿಯ ಬಯರ್ನ್ ಮ್ಯೂನಿಕ್ ಸೀಸನ್ ಟಿಕೆಟ್ಟು ಇಷ್ಟು ಪಂದ್ಯಗಳಿಗಾದರೂ ಬಳಕೆಯಾಗಲೇಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಕೊಡುವುದಿಲ್ಲ ಎನ್ನುತ್ತದೆ. ಟಿಕೆಟ್ಟಿಗಾಗಿ ವರ್ಷಗಟ್ಟಲೆ ಕಾಯುವವರ ಪಟ್ಟಿ ಇರುವಾಗ ಇದು ಜುಲುಮೆ ಅನಿಸುವುದಿಲ್ಲ.

ಅಷ್ಟು ದೂರ ಏಕೆ, ನಮ್ಮ ರೈಲ್ವೆಯನ್ನೇ ನೋಡಿ. 1989ರ ರೈಲ್ವೆ ಕಾಯ್ದೆಯ 143ನೇ ಕಲಂ ಅನಧಿಕೃತವಾಗಿ ಟಿಕೆಟ್ ವ್ಯಾಪಾರ ಮಾಡುವವನಿಗೆ ಮೂರು ವರ್ಷದವರೆಗೆ ಜೈಲು ಎನ್ನುತ್ತದೆ. ಅದೇ ರೈಲ್ವೆ ನಿಮಗೆ ಹೋಗಲಾಗದಿದ್ದರೆ ಟಿಕೆಟ್ ರದ್ದು ಮಾಡಿ ಒಂದಿಷ್ಟು ಹಿಡಿದುಕೊಂಡು ಉಳಿದ ಹಣ ಕೊಡುತ್ತದೆ. ಆ ಬರ್ತ್ ತಾನಾಗಿ ವೇಟಿಂಗ್ ಲಿಸ್ಟಿನವನಿಗೆ ಹೋಗುತ್ತದೆ. 24 ಗಂಟೆ ಮೊದಲು ಅರ್ಜಿ ಕೊಟ್ಟರೆ ಅಪ್ಪ, ಅಮ್ಮ, ಅಣ್ಣ, ತಂಗಿಯ ಹೆಸರಿಗೆ ಟಿಕೆಟ್ ಬದಲಾಯಿಸಬಹುದು. ಕಾಲೇಜಿನಿಂದ ಹೋಗುವಾಗ ಒಬ್ಬ ವಿದ್ಯಾರ್ಥಿಯ ಟಿಕೆಟ್ಟನ್ನು ಅದೇ ಕಾಲೇಜಿನ ಇನ್ನೊಬ್ಬನಿಗೆ ಬದಲಾಯಿಸಲೂ ಅವಕಾಶವಿದೆ, ಪ್ರಾಂಶುಪಾಲರು 48 ಗಂಟೆ ಮೊದಲು ಬರೆದುಕೊಟ್ಟರೆ ಸಾಕು. ಕಳ್ಳದಾರಿಗೆ ಬೀಗ, ಪಕ್ಕದಲ್ಲೇ ಸರಿದಾರಿಗೆ ಬಾಗಿಲು. ಕೋಟಿಗಟ್ಟಲೆ ಜನರ ಟಿಕೆಟ್ಟಿಗೆ ಇದು ಸಾಧ್ಯವಾಗಿರುವಾಗ, ಕಂಠೀರವದಂಥ ಸುಮಾರು 25 ಸಾವಿರ ಜನ ಹಿಡಿಸುವ ಕ್ರೀಡಾಂಗಣಕ್ಕೆ ಯಾಕೆ ಕಷ್ಟ? ಟಿಕೆಟ್ಟೇ ಮೊಬೈಲಿನಲ್ಲಿ ಕ್ಯೂಆರ್ ಕೋಡ್ ಆಗಿ ಬರುವ ಕಾಲದಲ್ಲಿ ಹಳೆಯ ಕೋಡ್ ರದ್ದು ಮಾಡಿ ಇನ್ನೊಬ್ಬರಿಗೆ ಹೊಸದು ಕಳಿಸುವುದು ಇನ್ನೂ ಪದವಿ ಮುಗಿಸದ ನನ್ನಂಥವನಿಗೂ ದೊಡ್ಡ ಸವಾಲಾಗಿ ಕಾಣುವುದಿಲ್ಲ.

ಕಷ್ಟ ಬೇರೆ ಕಡೆ ಇದೆ ಎಂಬುದು ನನ್ನ ಗುಮಾನಿ. ಸೀಸನ್ ಟಿಕೆಟ್ ಮಾರಿದ ದಿನವೇ ಆಯೋಜಕರ ಕೈಗೆ ಹಣ ಬಂದಿರುತ್ತದೆ. ಆಮೇಲೆ ಆ ಸೀಟಿನಲ್ಲಿ ಮನುಷ್ಯ ಕೂತರೂ ಒಂದೇ, ಗಾಳಿ ಕೂತರೂ ಒಂದೇ. ಕೂತವನು ಮಾತ್ರ ಕೂಗುತ್ತಾನೆ, ಜೆರ್ಸಿ ಕೊಳ್ಳುತ್ತಾನೆ, ಮುಂದಿನ ಸಲ ತಂಗಿಯನ್ನೂ ಕರೆತರುತ್ತಾನೆ. ಅದರ ಬೆಲೆ ಲೆಕ್ಕದ ಪುಸ್ತಕದಲ್ಲಿ ಕಾಣಲು ವರ್ಷಗಳು ಬೇಕು. 2020–21 ಮತ್ತು ಅದರ ಮುಂದಿನ ಸೀಸನ್ನಿನಲ್ಲಿ ಕೋವಿಡ್‌ನಿಂದಾಗಿ ಐಎಸ್‌ಎಲ್ ಪಂದ್ಯಗಳೆಲ್ಲ ಗೋವಾದಲ್ಲೇ ನಡೆದವು. ಟಿವಿಯಲ್ಲಿ ಆಟಗಾರರು ಪರಸ್ಪರ ಕೂಗಿಕೊಳ್ಳುವುದು ಕೇಳಿಸುವಷ್ಟು ಖಾಲಿ ಅಂಗಣ. ಕಂಠೀರವದ ವೆಸ್ಟ್ ಬ್ಲಾಕ್ ಬ್ಲೂಸ್ ಹಾಡಿಗೆ ಒಗ್ಗಿದ ಕಿವಿಗೆ ಅದು ಫುಟ್‌ಬಾಲ್ ಎಂದೇ ಅನಿಸಿರಲಿಲ್ಲ.

ಇದಕ್ಕೆ ಎದುರು ವಾದವೂ ಇದೆ. ನನ್ನ ದುಡ್ಡು, ನನ್ನ ಸೀಟು, ಬರುವುದು ಬಿಡುವುದು ನನ್ನಿಷ್ಟ. ಬೇಕಾದ ಬೆಲೆಗೆ ಮಾರುವ ಹಕ್ಕೂ ನನ್ನದೇ ಎಂದು ನನ್ನ ರೂಮ್‌ಮೇಟ್ ವಾದಿಸುತ್ತಾನೆ. ಮೊದಲರ್ಧ ಒಪ್ಪಬಹುದೇನೋ. ಉಳಿದರ್ಧ ಒಪ್ಪಿದರೆ ಆಟ ನೋಡಲಿಕ್ಕಲ್ಲ, ಮಾರಲಿಕ್ಕೆಂದೇ ಹತ್ತು ಸೀಸನ್ ಟಿಕೆಟ್ ಕೊಳ್ಳುವವರು ಹುಟ್ಟುತ್ತಾರೆ. ಆಗ ಹೊರಗುಳಿಯುವುದು ಇನ್ನೂ ಸಂಬಳ ಕಾಣದ ನಮ್ಮಂಥವರೇ. ಹಾಗೆಂದು ಬರೀ ಹಾಜರಾತಿ ಲೆಕ್ಕ ಹಿಡಿದು ಟಿಕೆಟ್ ಕಿತ್ತುಕೊಳ್ಳುವುದೂ ನನಗೆ ಸರಿಕಾಣದು. ಹಾಗೆ ಮಾಡಿದರೆ ಮೊದಲು ಔಟ್ ಆಗುವುದು ಕೊಯ್ಲಿಗೆ ಊರಿಗೆ ಹೋದವನು, ನೈಟ್ ಶಿಫ್ಟ್ ಬಿದ್ದವಳು, ಇಂಟರ್ನಲ್ಸ್ ಬರೆಯುವವನು. ಸಮಯಕ್ಕೆ ಸರಿಯಾಗಿ ಸೀಟು ಬಿಟ್ಟುಕೊಟ್ಟವನನ್ನೂ ಬಂದವನೆಂದೇ ಲೆಕ್ಕ ಹಾಕಲಿ. ಬಾರದೆ, ಬಿಟ್ಟೂ ಕೊಡದೆ ಕೂತವನಿಗೆ ಮುಂದಿನ ವರ್ಷ ಸಾಲಿನ ಕೊನೆಯಲ್ಲಿ ನಿಲ್ಲು ಎನ್ನಲಿ. ಹಾಗೆ ಹೇಳಿಸಿಕೊಳ್ಳಬೇಕಾದವರಲ್ಲಿ ಆ ವರ್ಷದ ನಾನೂ ಒಬ್ಬ.

ದುಡ್ಡೇ ಕೊಡದೆ ಪಾಸು ಪಡೆದವರಿಗೆ ಈ ನಿಯಮ ಇನ್ನೂ ಬಿಗಿಯಾಗಿರಬೇಕು. ಯಾವುದೇ ದೊಡ್ಡ ಪಂದ್ಯದಲ್ಲಿ ಅತಿಥಿಗಳ ಕಡೆ ಒಮ್ಮೆ ಕಣ್ಣು ಹಾಯಿಸಿ, ನಾನು ಹೇಳುವುದು ತಿಳಿಯುತ್ತದೆ. ನಮ್ಮೂರ ಕಡೆ ಯಕ್ಷಗಾನ ಬಯಲಾಟಕ್ಕೆ ಮುಂದಿನ ಎರಡು ಸಾಲು ಕುರ್ಚಿ ಗಣ್ಯರಿಗೆಂದು ಬಿಟ್ಟಿರುತ್ತಾರೆ. ಒಡ್ಡೋಲಗದ ಹೊತ್ತಿಗೂ ಗಣ್ಯರು ಬರದಿದ್ದರೆ, ಹಿಂದೆ ನಿಂತವರು ಬಂದು ಕೂರಬಹುದು ಎಂದು ಮೈಕಿನಲ್ಲಿ ಹೇಳಿಬಿಡುತ್ತಾರೆ. ತಡವಾಗಿ ಬಂದವರು ಎಷ್ಟು ದೊಡ್ಡವರಾದರೂ ಸಿಕ್ಕಲ್ಲಿ ಕೂರುತ್ತಾರೆ. ಇದಕ್ಕೆ ಸಮಿತಿಯವರು ಆ್ಯಪ್ ಏನೂ ಮಾಡಿಸಿಲ್ಲ.

ಅಂದು ಅಂಗಳದ ಮೂಲೆಯಲ್ಲಿ ಚೆಟ್ರಿಯ ಮೂರನೇ ಗೋಲು ಬಿದ್ದದ್ದು ಗೊತ್ತಾಗಿ ನಾನು ಕೂಗಿದ ಕೂಗಿಗೆ ಅಡಿಕೆ ಸುಲಿಯುತ್ತಿದ್ದವರೆಲ್ಲ ಹಾವು ಬಂತೆಂದು ಎದ್ದುಬಿಟ್ಟಿದ್ದರು. ಈಗ ಕೊಯ್ಲಿನ ದಿನ ನಿಗದಿಯಾದ ಕೂಡಲೇ ನಾನು ಮಾಡುವ ಮೊದಲ ಕೆಲಸ, ಆ ಗೆಳೆಯನಿಗೆ ‘ಶನಿವಾರ ಊರಿಗೆ ಹೋಗ್ತಿದೀನಿ’ ಎಂದು ಮೆಸೇಜ್ ಹಾಕುವುದು. ನನ್ನ ಟಿಕೆಟ್ಟನ್ನು ಅವನಿಗೆ ನಿಯಮದ ಪ್ರಕಾರವೇ ದಾಟಿಸುವ ಒಂದು ಬಟನ್ ಮೊಬೈಲಿನಲ್ಲಿ ಇದ್ದರೆ, ನಮ್ಮ ಅಂಗಳದ ಸಿಗ್ನಲ್ಲಿನಲ್ಲೂ ಆ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ.