ಕಳೆದ ವರ್ಷದ ಕಟ್‌ಆಫ್ ನೋಡಿ ಕಾಲೇಜು ಆರಿಸುವವರಿಗೆ

ನೀಟ್ ಫಲಿತಾಂಶ ಬಂದ ಮರುದಿನದಿಂದ ನಮ್ಮ ಮನೆಗಳಲ್ಲಿ ಒಂದು ಪಟ್ಟಿಯ ಪಾರಾಯಣ ಶುರುವಾಗುತ್ತದೆ. ಕಳೆದ ವರ್ಷ ಯಾವ ಮೆಡಿಕಲ್ ಕಾಲೇಜು ಎಷ್ಟನೇ ರ್ಯಾಂಕಿಗೆ ಮುಗಿಯಿತು ಎಂಬ ಪಟ್ಟಿ ಅದು. ಅಪ್ಪ ಅದನ್ನು ಪ್ರಿಂಟ್ ಹಾಕಿಸಿ ಹಳದಿ ಗೆರೆ ಎಳೆಯುತ್ತಾರೆ. ಮಾವ ವಾಟ್ಸಾಪಿನಲ್ಲಿ ಇನ್ನೊಂದು ಪಟ್ಟಿ ಕಳಿಸುತ್ತಾರೆ. ಪಕ್ಕದ ಬೀದಿಯ 'ಅಡ್ಮಿಷನ್ ಗೈಡೆನ್ಸ್' ಅಂಗಡಿಯವನು ಅದೇ ಪಟ್ಟಿಗೆ ಬಣ್ಣ ಹಚ್ಚಿ ದುಡ್ಡಿಗೆ ಮಾರುತ್ತಾನೆ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: 'ನಮ್ಮ ಹುಡುಗಿಯ ರ್ಯಾಂಕಿಗೆ ಯಾವ ಕಾಲೇಜು ಬರುತ್ತೆ?'

ಈ ವಾಕ್ಯವನ್ನು ಸ್ವಲ್ಪ ಗಮನಿಸಿ. ಅದರಲ್ಲಿ ಕಾಲೇಜು ಬರುತ್ತದೆ, ಹುಡುಗಿ ಎಲ್ಲಿಗೂ ಹೋಗುವುದಿಲ್ಲ. ಆಕೆಗೆ ಯಾವ ಊರು ಬೇಕು, ಎಂಥ ಆಸ್ಪತ್ರೆಯಲ್ಲಿ ಕಲಿಯಬೇಕು, ಮನೆಯವರು ಎಷ್ಟು ದುಡ್ಡು ಹೊಂದಿಸಬಲ್ಲರು ಎಂಬುದಕ್ಕೆ ಆ ವಾಕ್ಯದಲ್ಲಿ ಜಾಗವಿಲ್ಲ. ಹದಿನೆಂಟು ವರ್ಷದ ಒಂದು ಜೀವ ಮುಂದಿನ ಐದೂವರೆ ವರ್ಷ ಎಲ್ಲಿ ಇರಬೇಕೆಂದು, ಆಕೆ ಕಂಡೂ ಇರದ ಯಾರೋ ಹೋದ ವರ್ಷ ಮಾಡಿದ ಆಯ್ಕೆ ತೀರ್ಮಾನಿಸುತ್ತಿದೆ. ಇದನ್ನು ನಾನು ಮೂಢನಂಬಿಕೆ ಎಂದೇ ಕರೆಯುತ್ತೇನೆ. ಓದಿದವರ ಮೂಢನಂಬಿಕೆಯಾದ್ದರಿಂದ ಅದಕ್ಕೆ ಎಕ್ಸೆಲ್ ಶೀಟಿನ ವೇಷವಿದೆ, ಅಷ್ಟೆ.

ನನ್ನ ಪಿಎಚ್‌ಡಿ ಇರುವುದು ಕನ್ನಡದ ವೈದ್ಯಸಾಹಿತ್ಯದ ಮೇಲೆ. ಆದರೆ ಮನೆಯಲ್ಲಿ ಡಾಕ್ಟರೇಟ್ ಮಾಡುವವರು ಒಬ್ಬರಿದ್ದರೆ, ಡಾಕ್ಟರ್ ಆಗಹೊರಟವರ ಅರ್ಜಿ ತುಂಬುವ ಕೆಲಸವೂ ಅವರ ಪಾಲಿಗೇ ಬರುತ್ತದೆ. ನಾಲ್ಕು ವರ್ಷಗಳಿಂದ ನೆಂಟರಿಷ್ಟರ ಮಕ್ಕಳ ಆಪ್ಷನ್ ಎಂಟ್ರಿಗೆ ಪಕ್ಕದಲ್ಲಿ ಕೂತಿದ್ದೇನೆ. ಪ್ರತಿ ಸಲವೂ ಒಂದೇ ಮಾತು ಕೇಳಿದ್ದೇನೆ. 'ಆ ಕಾಲೇಜನ್ನ ಮೇಲೆ ಹಾಕಬೇಡ ಕಣಮ್ಮ, ನಮಗೆ ಸಿಗೋದಿಲ್ಲ, ಆಪ್ಷನ್ ವೇಸ್ಟ್ ಆಗುತ್ತೆ.'

ವೇಸ್ಟ್ ಆಗುವುದಿಲ್ಲ. ಇದು ಅಭಿಪ್ರಾಯವಲ್ಲ, ಲೆಕ್ಕ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆ ನಡೆಯುವುದು ರ್ಯಾಂಕಿನ ಸಾಲಿನಲ್ಲಿ. ನಿಮ್ಮ ಸರದಿ ಬಂದಾಗ ಕಂಪ್ಯೂಟರು ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಮೊದಲನೆಯದರಲ್ಲಿ ನಿಮಗೆ ಸಲ್ಲುವ ಸೀಟು ಉಳಿದಿದೆಯೇ? ಇದ್ದರೆ ಕೊಡುತ್ತದೆ. ಇಲ್ಲವೇ? ಎರಡನೆಯದಕ್ಕೆ ಹೋಗುತ್ತದೆ. ಹೀಗೆ ಇಪ್ಪತ್ತನೆಯದರವರೆಗೆ, ನೂರನೆಯದರವರೆಗೆ. ನಿಮ್ಮ ಹತ್ತನೇ ಆಯ್ಕೆಯ ಸೀಟನ್ನು ನಿಮಗಿಂತ ಹಿಂದಿನ ರ್ಯಾಂಕಿನವರು ಮೊದಲ ಆಯ್ಕೆಯಾಗಿ ಬರೆದಿದ್ದರೂ ಅದು ಮೊದಲು ನಿಮ್ಮದೇ. ಸಿಗದ ಕಾಲೇಜನ್ನು ಮೇಲೆ ಬರೆದದ್ದಕ್ಕೆ ದಂಡವಿಲ್ಲ, ಹಿನ್ನಡೆಯಿಲ್ಲ. ನಿಮಗೆ ನಿಜವಾಗಿ ಬೇಕಾದ ಕ್ರಮದಲ್ಲಿ ಬರೆಯುವುದೇ ಇಲ್ಲಿ ಅತ್ಯಂತ ಜಾಣತನದ ಆಟ. ಕಟ್‌ಆಫ್ ನೋಡಿ ಆಸೆಯನ್ನು ಕೆಳಗಿಳಿಸುವವರು, ಯಾರೂ ಕೇಳದ ಜೂಜಿಗೆ ತಾವಾಗಿ ಪಣ ಕಟ್ಟುತ್ತಿದ್ದಾರೆ.

ಅಮೆರಿಕದಲ್ಲಿ ಈ ಪ್ರಶ್ನೆಗೆ ಅರ್ಥವಿದೆ. ಅಲ್ಲಿ ಒಂದೊಂದು ಕಾಲೇಜಿಗೂ ಶುಲ್ಕ ಕಟ್ಟಿ ಅರ್ಜಿ ಹಾಕಬೇಕು, ಪ್ರಬಂಧ ಬರೆಯಬೇಕು, ಸಂದರ್ಶನಕ್ಕೆ ಹೋಗಬೇಕು. ಎಮ್‌ಕ್ಯಾಟ್ ಅಂಕ ಇಟ್ಟುಕೊಂಡು ಎಲ್ಲಿ ಅರ್ಜಿ ಹಾಕಿದರೆ ದುಡ್ಡು ದಂಡವಾಗುವುದಿಲ್ಲ ಎಂದು ಅಲ್ಲಿನ ಹುಡುಗರು ಲೆಕ್ಕ ಹಾಕಲೇಬೇಕು. ನಮ್ಮ ಕೌನ್ಸೆಲಿಂಗ್ ವ್ಯವಸ್ಥೆಗೆ ಸಾವಿರ ದೋಷಗಳಿದ್ದರೂ ಈ ಒಂದು ಭಯದಿಂದ ಅದು ನಮ್ಮನ್ನು ಬಿಡಿಸಿದೆ. ಬಿಡಿಸಿದ ಹಗ್ಗವನ್ನು ನಾವೇ ಮತ್ತೆ ಕುತ್ತಿಗೆಗೆ ಸುತ್ತಿಕೊಳ್ಳುತ್ತಿದ್ದೇವೆ.

ಹಾಗೆಂದು ಕಣ್ಣು ಮುಚ್ಚಿ ಬರೆಯಿರಿ ಎನ್ನುತ್ತಿಲ್ಲ. ನಿಜವಾದ ಅಪಾಯ ಪಟ್ಟಿಯ ತಲೆಯಲ್ಲಿಲ್ಲ, ಬಾಲದಲ್ಲಿದೆ. 'ಹೇಗೂ ಇರಲಿ' ಎಂದು ಕೊನೆಗೆ ಸೇರಿಸಿದ, ದುಡ್ಡು ಕಟ್ಟಲಾಗದ ಅಥವಾ ಹೋಗಲು ಮನಸ್ಸಿಲ್ಲದ ಸೀಟು ಹಂಚಿಕೆಯಾದಾಗಲೇ ಮನೆಯವರು ಕಂಗಾಲಾಗುವುದು. ಕೊನೆಯ ಸುತ್ತುಗಳಲ್ಲಿ ಬಂದ ಸೀಟು ಬಿಟ್ಟರೆ ಕಟ್ಟಿದ ಹಣವೂ ಹೋಗುತ್ತದೆ. ಎಚ್ಚರ ಬೇಕಾದದ್ದು ಅಲ್ಲಿ. ಆದರೆ ನಮ್ಮ ಎಚ್ಚರವೆಲ್ಲ ಮೇಲಿನ ಹತ್ತು ಹೆಸರುಗಳಲ್ಲೇ ಖರ್ಚಾಗಿರುತ್ತದೆ.

ಇನ್ನು ಆ ಪಟ್ಟಿಯ ಅಂಕಿಗಳ ವಿಷಯಕ್ಕೆ ಬರೋಣ. 2024ರಲ್ಲಿ ನೀಟ್‌ನಲ್ಲಿ ಮೊದಲು 67 ಮಂದಿಗೆ 720ಕ್ಕೆ 720 ಬಂದಿತ್ತು. ಪರಿಷ್ಕೃತ ಫಲಿತಾಂಶದಲ್ಲಿ ಅದು 17ಕ್ಕೆ ಇಳಿಯಿತು. 2025ರಲ್ಲಿ ಪ್ರಶ್ನೆಪತ್ರಿಕೆ ಬಿಗಿಯಾಗಿತ್ತು, ಇಡೀ ದೇಶಕ್ಕೆ ಮೊದಲು ಬಂದವರ ಅಂಕ 686. ಮೊದಲ ವರ್ಷ 650 ಅಂಕ ತೆಗೆದವರು ಹತ್ತಾರು ಸಾವಿರ ಜನರ ಹಿಂದೆ ನಿಂತರೆ, ಮರುವರ್ಷ ಅಷ್ಟೇ ಅಂಕ ತೆಗೆದವರು ದೇಶದ ಮೊದಲ ನೂರರೊಳಗೆ ಇದ್ದರು. ಅದೇ 650. ಇಂಥ ಅಳತೆಗೋಲಿನಿಂದ ಬಟ್ಟೆ ಅಳೆದುಕೊಟ್ಟರೆ ಅಂಗಡಿಯವನ ಜೊತೆ ಜಗಳವಾಡುವ ನಾವು, ಮಕ್ಕಳ ವಿಷಯದಲ್ಲಿ ಅದನ್ನು ನಂಬುತ್ತೇವೆ.

'ಅಂಕ ಬಿಡಿ, ರ್ಯಾಂಕ್ ನೋಡಬಹುದಲ್ಲ' ಎನ್ನುತ್ತೀರಿ. ನೋಡಬಹುದು, ಸೀಟು ಸಿಗುವ ಅಂದಾಜಿಗೆ ಅದು ಸಾಕು. ಆದರೆ ನಾವು ಅಲ್ಲಿಗೆ ನಿಲ್ಲುವುದಿಲ್ಲ. ಬೇಗ ಮುಗಿದ ಕಾಲೇಜು ಒಳ್ಳೆಯದು, ತಡವಾಗಿ ಮುಗಿದದ್ದು ಕಳಪೆ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಕಟ್‌ಆಫ್ ಹೇಳುವುದು ಹೋದ ವರ್ಷದವರು ಎಲ್ಲಿಗೆ ಹೋಗಬಯಸಿದರು ಎಂಬುದನ್ನು ಮಾತ್ರ. ಅವರು ಹಾಗೆ ಬಯಸಿದ್ದು ಅದರ ಹಿಂದಿನ ವರ್ಷದ ಪಟ್ಟಿ ನೋಡಿ. ಅದರ ಹಿಂದಿನವರು ಅದರ ಹಿಂದಿನದನ್ನು ನೋಡಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಸಾಲು ಇದು. ಈ ಸಾಲಿನಲ್ಲಿ ಯಾರೊಬ್ಬರೂ ವಾರ್ಡಿನೊಳಗೆ ಹೋಗಿ ಅಲ್ಲಿ ಎಷ್ಟು ರೋಗಿಗಳಿದ್ದಾರೆ ಎಂದು ನೋಡಿದವರಲ್ಲ.

ಡೀಮ್ಡ್ ವಿಶ್ವವಿದ್ಯಾಲಯಗಳನ್ನು ಬಿಟ್ಟರೆ ರಾಜ್ಯದ ಸರ್ಕಾರಿ ಕಾಲೇಜುಗಳೂ ಬಹುಪಾಲು ಖಾಸಗಿ ಕಾಲೇಜುಗಳೂ ಸೇರಿರುವುದು 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ. ರಾಯಚೂರಿನ ಹುಡುಗನೂ ಬೆಂಗಳೂರಿನ ಹುಡುಗಿಯೂ ಬರೆಯುವುದು ಒಂದೇ ಪ್ರಶ್ನೆಪತ್ರಿಕೆ, ಪಡೆಯುವುದು ಒಂದೇ ಪದವಿ. ಮುಂದೆ ಪಿಜಿ ಸೀಟು ನಿರ್ಧಾರವಾಗುವುದು ನೀಟ್ ಪಿಜಿಯ ರ್ಯಾಂಕಿನಿಂದ. ಅಲ್ಲಿ ಎಂಬಿಬಿಎಸ್ ಕಾಲೇಜಿನ ಹೆಸರಿಗೆ ಅಂಕವಿಲ್ಲ. ಹಾಗಾದರೆ ಈ ಐದೂವರೆ ವರ್ಷದಲ್ಲಿ ಕಾಲೇಜಿನಿಂದ ಕಾಲೇಜಿಗೆ ಬದಲಾಗುವುದು ಏನು? ಹಾಸಿಗೆಯ ಮೇಲಿರುವ ರೋಗಿ. ಕಲಿಸುವ ಮೇಷ್ಟ್ರು. ಇಂಟರ್ನ್‌ಶಿಪ್‌ನಲ್ಲಿ ಕೈಗೆ ಸಿಗುವ ಕೆಲಸ. ಜಿಲ್ಲಾಸ್ಪತ್ರೆಗೆ ಅಂಟಿಕೊಂಡ ಕಾಲೇಜಿನಲ್ಲಿ ಬೆಳಗಾಗುವುದರೊಳಗೆ ಹೊರರೋಗಿಗಳ ಸಾಲು ಗೇಟು ದಾಟಿರುತ್ತದೆ. ಹೊಳೆಯುವ ಗ್ರಾನೈಟ್ ನೆಲದ ಕಟ್ಟಡದಲ್ಲಿ ಹಾಸಿಗೆಗಳು ಖಾಲಿಯಿದ್ದು, ತಪಾಸಣೆಯ ದಿನಕ್ಕೆ ಮಾತ್ರ ರೋಗಿಗಳೂ ಪ್ರಾಧ್ಯಾಪಕರೂ ಬಂದು ತುಂಬುವ ಕತೆಗಳು ಈ ದೇಶಕ್ಕೆ ಹೊಸದಲ್ಲ. ಈ ವ್ಯತ್ಯಾಸ ಕಟ್‌ಆಫ್ ಪಟ್ಟಿಯ ಯಾವ ಕಾಲಂನಲ್ಲಿದೆ?

ಮತ್ತೊಂದು ಕಾಲಂ ಕೂಡ ಅಲ್ಲಿಲ್ಲ: ಭಾಷೆ. ರೋಗಿ ಇಂಗ್ಲಿಷಿನಲ್ಲಿ ನರಳುವುದಿಲ್ಲ. 'ಎದಿ ಉರಿತೈತಿ' ಎನ್ನುವವರು, 'ಜೀವ ಸಂಕಟ ಆಗ್ತದೆ' ಎನ್ನುವವರು, 'ಕಾಲು ಜೋಮು ಹಿಡಿದದೆ' ಎನ್ನುವವರು ಹೇಳುತ್ತಿರುವುದೇನೆಂದು ತಿಳಿಯುವುದು ರೋಗ ಗುರುತಿಸುವ ಮೊದಲ ಪಾಠ. ವೈದ್ಯೆಯಾಗಿದ್ದ ಅನುಪಮಾ ನಿರಂಜನ 'ತಾಯಿ ಮಗು' ಬರೆದದ್ದು, 'ಕೊರವಂಜಿ' ಹುಟ್ಟುಹಾಕಿದ ರಾಶಿ ಅವರಂಥ ವೈದ್ಯರು ಕನ್ನಡಿಗರ ಮನೆಮಾತಾದದ್ದು ಈ ಕಿವಿಯಿಂದ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ 371(ಜೆ) ವಿಧಿ ಅಲ್ಲಿನ ಸೀಟುಗಳಲ್ಲಿ ದೊಡ್ಡ ಪಾಲು ಮೀಸಲಿಟ್ಟಿರುವುದರ ಹಿಂದೆಯೂ ಇಂಥದೇ ಒಂದು ಆಸೆಯಿದೆ: ಆ ನೆಲದ ಮಾತು ಬಲ್ಲವರು ಅಲ್ಲಿ ಕಲಿಯಲಿ, ಅಲ್ಲೇ ಉಳಿಯಲಿ. ಆದರೆ ನಮ್ಮ ಪಟ್ಟಿಗಳು ಬೀದರ, ಕೊಪ್ಪಳ, ಯಾದಗಿರಿಗಳನ್ನು ಕೆಳಗಿನ ಸಾಲಿಗೆ ತಳ್ಳಿ 'ಏನೂ ಸಿಗದಿದ್ದರೆ ಅಲ್ಲಿ' ಎಂದು ಆ ಊರಿನ ಮಕ್ಕಳಿಗೇ ಕಲಿಸುತ್ತಿವೆ. ತನ್ನ ಊರಿನ ಆಸ್ಪತ್ರೆಯನ್ನು ಶಿಕ್ಷೆಯೆಂದು ಭಾವಿಸಿ ಓದಿದವರು ನಾಳೆ ಆ ಊರಿನಲ್ಲಿ ನಿಲ್ಲುತ್ತಾರೆಯೇ?

ಈಗ ಯಾರೂ ಜೋರಾಗಿ ಹೇಳದ ಮಾತು. ಕಟ್‌ಆಫ್ ಅಂಕದ ಭಾಷೆಯಲ್ಲಿ ಮಾತಾಡುತ್ತದೆ, ಕೆಲಸ ಮಾಡುವುದು ದುಡ್ಡಿನ ಭಾಷೆಯಲ್ಲಿ. ಸರ್ಕಾರಿ ಕಾಲೇಜಿನ ವಾರ್ಷಿಕ ಶುಲ್ಕ ಲಕ್ಷದೊಳಗೆ. ಖಾಸಗಿ ಕಾಲೇಜಿನ ಪಿ ಸೀಟಿಗೆ ಹತ್ತು ಲಕ್ಷದ ಆಸುಪಾಸು. ಡೀಮ್ಡ್ ಆದರೆ ಇಪ್ಪತ್ತು ಲಕ್ಷ ದಾಟುವುದು ಸಾಮಾನ್ಯ. ಒಂದೇ ಖಾಸಗಿ ಕಾಲೇಜಿನ ಒಂದೇ ತರಗತಿಯ ಸರ್ಕಾರಿ ಕೋಟಾ ಬೇಗ ಮುಗಿಯುತ್ತದೆ, ಎನ್‌ಆರ್‌ಐ ಕೋಟಾ ಎಷ್ಟೋ ಕೆಳಗಿನ ರ್ಯಾಂಕಿನವರೆಗೂ ಎಳೆಯುತ್ತದೆ. ಬೆಂಚು ಅದೇ, ಮೇಷ್ಟ್ರು ಅವರೇ, ಶವಛೇದನದ ಟೇಬಲ್ಲೂ ಅದೇ. ಹಾಗಾದರೆ ಕಟ್‌ಆಫ್ ಅಳೆದದ್ದು ಕಾಲೇಜಿನ ಗುಣವನ್ನೋ, ಶುಲ್ಕದ ಚೀಟಿಯನ್ನೋ?

2023ರಲ್ಲಿ ಸಾಮಾನ್ಯ ವರ್ಗಕ್ಕೆ ನೀಟ್ ಅರ್ಹತೆಯ ಗೆರೆ 720ಕ್ಕೆ 137 ಇತ್ತು. 2025ರಲ್ಲಿ 144. ಗೆರೆ ಇರುವುದು 50ನೇ ಪರ್ಸೆಂಟೈಲ್‌ನಲ್ಲಿ, ಅಂದರೆ ಬರೆದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ 'ಅರ್ಹರು'. ಒಂದು ಲಕ್ಷ ಚಿಲ್ಲರೆ ಸೀಟುಗಳಿಗೆ ಹತ್ತು ಲಕ್ಷಕ್ಕೂ ಮೀರಿ ಅರ್ಹರು. ಇಷ್ಟು ಅಗಲದ ಬಾಗಿಲು ತೆರೆದಿಟ್ಟರೆ ಒಳಗೆ ಹೋಗುವವರನ್ನು ಆರಿಸುವುದು ಯಾರು? ಮೇಲಿನ ತುದಿಯಲ್ಲಿ ರ್ಯಾಂಕು, ಕೆಳಗಿನ ತುದಿಯಲ್ಲಿ ಪರ್ಸು. 400 ಅಂಕದ ಬಡವರ ಮಗಳು ಮತ್ತೊಂದು ವರ್ಷ 'ಲಾಂಗ್ ಟರ್ಮ್' ಕೋಚಿಂಗಿಗೆ ಹೋಗುತ್ತಾಳೆ, ಇಲ್ಲವೇ ಬಿಎಸ್ಸಿಗೆ. 200 ಅಂಕದ ಸಿರಿವಂತರ ಮಗ ಏಪ್ರನ್ ತೊಡುತ್ತಾನೆ. ಆಮೇಲೆ ಇದೇ ಸಮಾಜ ಮೀಸಲಾತಿಯಲ್ಲಿ ಬಂದ ಹುಡುಗನ ಕಡೆ ತಿರುಗಿ 'ಮೆರಿಟ್' ಎಂದು ಉಪದೇಶ ಮಾಡುತ್ತದೆ.

ಇದು ನೋವಿನ ತಿರುವು ಏಕೆಂದರೆ, ಅಂಕ ಒಂದು ಕಾಲದಲ್ಲಿ ದುಡ್ಡಿನ ಎದುರು ಎತ್ತಿ ಹಿಡಿದ ಆಯುಧವಾಗಿತ್ತು. ಕ್ಯಾಪಿಟೇಷನ್ ವಿರುದ್ಧ ಕರ್ನಾಟಕ 1984ರಲ್ಲೇ ಕಾಯ್ದೆ ಮಾಡಿತು. ತುಮಕೂರಿನ ಮೆಡಿಕಲ್ ಸೀಟೊಂದರ ಶುಲ್ಕದಿಂದ ಹುಟ್ಟಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಶಿಕ್ಷಣ ಮಾರಾಟದ ಸರಕಲ್ಲ ಎಂಬ ನಿಲುವು ತಳೆಯಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು, 1994ರಲ್ಲಿ ನಮ್ಮ ಸಿಇಟಿ. ರೈತರ, ಮೇಷ್ಟ್ರುಗಳ, ಗುಮಾಸ್ತರ ಮಕ್ಕಳು ಡಾಕ್ಟರಾದದ್ದು ಆ ಬಾಗಿಲಿನಿಂದ. ಆದ್ದರಿಂದ ಪರೀಕ್ಷೆಯೇ ಬೇಡ ಎನ್ನುವವರ ಸಾಲಿನಲ್ಲಿ ನಾನಿಲ್ಲ. ರ್ಯಾಂಕ್ ಸಾಲನ್ನು ಹಚ್ಚಲಿ. ಆದರೆ ಸಾಲಿನಲ್ಲಿ ನಿಂತವರು ಏನನ್ನು ಬಯಸಬೇಕು ಎಂದು ಹೇಳುವ ಅಧಿಕಾರ ಅದಕ್ಕಿಲ್ಲ.

'ಒಳ್ಳೆಯ ರ್ಯಾಂಕಿನವರ ಜೊತೆ ಓದಿದರೆ ನಮ್ಮ ಮಕ್ಕಳೂ ಓದುತ್ತಾರೆ' ಎಂಬ ವಾದವನ್ನು ಒಪ್ಪುತ್ತೇನೆ. ಸಹಪಾಠಿಗಳಿಂದ ಕಲಿಯುವುದು ಸುಳ್ಳಲ್ಲ. ಹಳೆಯ ದೊಡ್ಡ ಕಾಲೇಜುಗಳ ಅನುಭವವೂ ಸುಳ್ಳಲ್ಲ. 1924ರಲ್ಲಿ ಶುರುವಾದ ಮೈಸೂರು ಮೆಡಿಕಲ್ ಕಾಲೇಜಿನ ನೂರು ವರ್ಷಗಳಿಗೆ ಬೆಲೆಯಿದೆ. ಹಾಗಿದ್ದರೆ ಅದೇ ಕಾರಣಕ್ಕೆ ಅದನ್ನು ಆರಿಸಿ. ಕಾರಣ ಕಣ್ಣೆದುರು ಇರುವಾಗ ಅದರ ನೆರಳನ್ನು ಏಕೆ ಅಳೆಯುತ್ತೀರಿ?

ಪ್ರಾಧಿಕಾರ ಪ್ರತಿ ಸುತ್ತಿನ ಕಟ್‌ಆಫ್ ಪ್ರಕಟಿಸುತ್ತದೆ. ಅದರ ಪಕ್ಕದಲ್ಲೇ ಇನ್ನು ಐದು ಅಂಕಿಗಳನ್ನು ಕನ್ನಡದಲ್ಲಿ ಪ್ರಕಟಿಸಲಿ: ದಿನಕ್ಕೆ ಬರುವ ಹೊರರೋಗಿಗಳು, ತುಂಬಿರುವ ಹಾಸಿಗೆಗಳು, ತಿಂಗಳ ಹೆರಿಗೆಗಳು, ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾದವರು, ಇಂಟರ್ನ್‌ಗಳಿಗೆ ನಿಜವಾಗಿ ಕೈಗೆ ಸಿಗುವ ಸ್ಟೈಪೆಂಡ್. ಹಾಸ್ಟೆಲ್ಲು, ಮೆಸ್ಸು, 'ಇತರೆ' ಎಂದು ವಸೂಲಿಯಾಗುವ ಎಲ್ಲವನ್ನೂ ಸೇರಿಸಿ ಐದೂವರೆ ವರ್ಷದ ಒಟ್ಟು ಖರ್ಚನ್ನು ಒಂದೇ ಸಾಲಿನಲ್ಲಿ ಬರೆಯಲಿ. ಕಾಲೇಜುಗಳ ಬಳಿ ಈ ಮಾಹಿತಿ ಇದೆ. ಅದು ಹೊರಗೆ ಬಾರದಿರುವುದರಿಂದಲೇ ಕಟ್‌ಆಫ್ ದೇವರಾಗಿದೆ, ಅಡ್ಮಿಷನ್ ಅಂಗಡಿಯವನು ಪೂಜಾರಿಯಾಗಿದ್ದಾನೆ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಈ ವರ್ಷ ಆಪ್ಷನ್ ತುಂಬುವ ತಂಗಿ ತಮ್ಮಂದಿರೇ, ಪಟ್ಟಿ ತೆರೆಯುವ ಮೊದಲು ಬಸ್ಸು ಹತ್ತಿ. ಮನಸ್ಸಿನಲ್ಲಿರುವ ಎರಡು ಆಸ್ಪತ್ರೆಗಳಿಗೆ ಹೋಗಿ ಒಂದು ಬೆಳಗ್ಗೆ ಹೊರರೋಗಿ ವಿಭಾಗದ ಮುಂದೆ ಕೂತು ಬನ್ನಿ. ಯಾರಾದರೂ ಇಂಟರ್ನ್ ಸಿಕ್ಕರೆ 'ಎಷ್ಟು ಹೆರಿಗೆ ಮಾಡಿಸಿದಿರಿ, ಎಷ್ಟು ಹೊಲಿಗೆ ಹಾಕಿದಿರಿ' ಎಂದು ಕೇಳಿ. ಮನೆಗೆ ಬಂದು ಅಪ್ಪ ಅಮ್ಮನ ಜೊತೆ ದುಡ್ಡಿನ ಮಾತನ್ನು ನಾಚಿಕೆಯಿಲ್ಲದೆ ಆಡಿ. ಆಮೇಲೆ ನಿಮಗೆ ಬೇಕಾದದ್ದನ್ನು ಬೇಕಾದ ಕ್ರಮದಲ್ಲಿ ಬರೆಯಿರಿ. ಸಿಗುತ್ತದೋ ಇಲ್ಲವೋ ಎಂದು ನೋಡುವ ಕೆಲಸಕ್ಕೆ ಕಂಪ್ಯೂಟರಿದೆ. ಏನು ಬೇಕೆಂದು ಹೇಳುವುದು ಮಾತ್ರ ನಿಮ್ಮ ಕೆಲಸ, ಅದನ್ನು ಹೋದ ವರ್ಷದವರಿಗೆ ಬಿಟ್ಟುಕೊಡಬೇಡಿ.