ಅರ್ಧ ಚಮಚ ತುಪ್ಪಕ್ಕೂ ತಡೆಯೇ?

ಪಿತ್ತಕೋಶ ತೆಗೆಸಿಕೊಂಡು ಮೂರು ತಿಂಗಳಾಯಿತು. ಅಜ್ಜಿ ಇನ್ನೂ ನನ್ನ ತಟ್ಟೆಗೆ ಒಗ್ಗರಣೆ ಸೋಕಲು ಬಿಟ್ಟಿಲ್ಲ. 'ಪಿತ್ತದ ಚೀಲವೇ ಇಲ್ಲ, ಜಿಡ್ಡು ಹೇಗೆ ಕರಗೀತು?' ಎಂಬುದು ಅವಳ ವಾದ. ಗಂಜಿ ಕುಡಿದು ನಾನು ಸೊರಗಿದ್ದೇ ಬಂತು.

ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ. ಪಿತ್ತಕೋಶ ಬರೀ ಗೋದಾಮು. ಅದು ಹೋದರೂ ರಸ ಹನಿಹನಿಯಾಗಿ ಕರುಳಿಗೆ ಇಳಿಯುತ್ತಲೇ ಇರುತ್ತದೆ. ಒಮ್ಮೆಲೇ ಜಾಸ್ತಿ ಜಿಡ್ಡು ಬಿದ್ದರಷ್ಟೇ ಕಷ್ಟ. ಗೆಳೆಯನ ಮದುವೆಯಲ್ಲಿ ಮೂರು ಒಬ್ಬಟ್ಟಿಗೆ ತುಪ್ಪ ಸುರಿದುಕೊಂಡು ತಿಂದವನು ಶೌಚಾಲಯಕ್ಕೆ ಓಡಿದೆ (ಅಜ್ಜಿಗೆ ಹೇಳಿಲ್ಲ). ಅದೇ, ಹಾಸ್ಟೆಲಿನಲ್ಲಿ ಅನ್ನಕ್ಕೆ ಅರ್ಧ ಚಮಚ ತುಪ್ಪ, ಸಂಜೆ ಒಂದಿಷ್ಟು ಶೇಂಗಾ ತಿಂದರೆ ಏನೂ ಆಗಲಿಲ್ಲ.

ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತಲು ಜಿಡ್ಡು ಬೇಕು. ನೋಡಲು ಬರುವ ನೆಂಟರೇ, 'ಎಣ್ಣೆ ಮುಟ್ಟಲೇಬೇಡ' ಎನ್ನುವ ಬದಲು 'ಸ್ವಲ್ಪ ಸ್ವಲ್ಪ ತಿನ್ನು' ಎನ್ನಬಾರದೇ?

ನಿನ್ನೆ ಅಜ್ಜಿ ನನ್ನ ಸಾರಿಗೂ ಒಗ್ಗರಣೆ ಹಾಕಿದಳು. ಎಣ್ಣೆ ಮಾತ್ರ ಹನಿ ಎಣಿಸಿಯೇ.