ಬೆಕ್ಕು ನಾಯಿಗಳ ಮಳೆ

ನಮ್ಮ ಕರಾವಳಿ ಮಳೆ ಮುಗಿಸಿ ಕೊಡೆ ಮಡಿಸುವ ಹೊತ್ತಿಗೆ ಚೆನ್ನೈಯಲ್ಲಿ ಹಿಂಗಾರು ಶುರುವಾಗುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಶಾಲೆಗಳಿಗೆ ಆಗಾಗ ಮಳೆರಜೆ. ಮಳೆಗಾಲದ ಮೇಲೆ ಪ್ರಬಂಧ ಬರೆಯಿರಿ ಎಂದರೆ ಅಲ್ಲಿನ ಮಕ್ಕಳಾಗಲಿ ಇಲ್ಲಿನ ಮಕ್ಕಳಾಗಲಿ ಮೊದಲು ಬರೆಯುವುದು ‘ರೈನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’. ನುಡಿಗಟ್ಟು ಹಾಕಿದರೆ ಎರಡು ಮಾರ್ಕ್ಸ್ ಹೆಚ್ಚು ಎಂಬುದು ಮೇಷ್ಟ್ರ ಭರವಸೆ.

ಈ ಮಾತನ್ನು 1738ರಲ್ಲೇ ಜೊನಾಥನ್ ಸ್ವಿಫ್ಟ್ ಬಳಸಿದ್ದಾನೆ. ಅದೂ ಎಲ್ಲಿ? ಸಿರಿವಂತರ ಹಳಸಲು ಹರಟೆಯನ್ನು ಗೇಲಿ ಮಾಡಲೆಂದೇ ಬರೆದ ಪುಸ್ತಕದಲ್ಲಿ! ಆಗಲೇ ಸವೆದಿದ್ದ ಮಾತನ್ನು ನಾವು ಇನ್ನೂ ಬಾಯಿಪಾಠ ಮಾಡಿಸುತ್ತಿದ್ದೇವೆ. ಮಳೆಗೆ ಹುಲ್ಲು ಚಾವಣಿಯಿಂದ ಪ್ರಾಣಿಗಳು ಜಾರಿ ಬೀಳುತ್ತಿದ್ದುದರಿಂದ ಈ ಮಾತು ಹುಟ್ಟಿತೆಂಬ ಕಥೆ ಬೇರೆ. ಅದು ಬರೀ ಕಟ್ಟುಕಥೆ.

ನುಡಿಗಟ್ಟನ್ನು ಹೇಗೆ ಕಲಿಸಬೇಕೆಂದು ತೋರಿಸಿದ್ದೂ ಚೆನ್ನೈಯ ಪತ್ರಿಕೆಯೇ. ‘ದಿ ಹಿಂದೂ’ವಿನಲ್ಲಿ ಎಸ್. ಉಪೇಂದ್ರನ್ ವರ್ಷಗಟ್ಟಲೆ ‘ನೋ ಯುವರ್ ಇಂಗ್ಲಿಷ್’ ಅಂಕಣ ಬರೆದರು. ಓದುಗರ ಪ್ರಶ್ನೆ, ಪಕ್ಕದಲ್ಲೇ ಅವರ ಹೆಸರು, ಊರು. ಉತ್ತರದಲ್ಲಿ ಅರ್ಥ ಒಂದೆರಡು ಸಾಲು ಮಾತ್ರ. ಆಮೇಲೆ ಬಳಸುವ ಬಗೆ ತೋರಿಸುವ ವಾಕ್ಯಗಳು, ಇದು ಸಲುಗೆಯ ಮಾತೋ ಅಲ್ಲವೋ ಎಂಬ ಎಚ್ಚರ. ನಮ್ಮಲ್ಲಿ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ದಲ್ಲಿ ಓದುಗರ ಇಂಥ ಸಂದೇಹಗಳನ್ನೇ ಪರಿಹರಿಸುತ್ತಿದ್ದರು. ಅದಕ್ಕೂ ಹಿಂದೆ, 1894ರಲ್ಲಿ, ಕಿಟೆಲ್ ತಮ್ಮ ನಿಘಂಟಿನಲ್ಲಿ ಪದಕ್ಕೆ ಅರ್ಥ ಕೊಟ್ಟು ಸುಮ್ಮನಾಗದೆ ಜನ ಆಡುವ ಗಾದೆಗಳನ್ನೂ ಸೇರಿಸಿದ್ದರು. ಆ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಹೊರತಂದದ್ದು ಮದರಾಸು ವಿಶ್ವವಿದ್ಯಾಲಯದಿಂದ. ಉಪೇಂದ್ರನ್, ವೆಂಕಟಸುಬ್ಬಯ್ಯ, ಕಿಟೆಲ್ ಮೂವರದೂ ಒಂದೇ ನಂಬಿಕೆ: ಮಾತಿನ ಜೀವ ಇರುವುದು ಬಳಕೆಯಲ್ಲಿ.

ಇಂಗ್ಲಿಷಿನವರನ್ನು ನೋಡಿ ನಗುವ ಮುನ್ನ ನಮ್ಮ ಪತ್ರಿಕೆಗಳನ್ನು ತೆರೆಯೋಣ. ನಾಲ್ಕು ಹನಿ ಜೋರಾಗಿ ಬಿದ್ದರೂ ‘ಕುಂಭದ್ರೋಣ ಮಳೆ’. ಮಲೆನಾಡಿನ ಮುದುಕಿ ‘ಹನಿ ಕಡಿಯದೆ ಹೊಯ್ತು’ ಎಂದರೆ ಎಂಥ ಮಳೆ, ಎಷ್ಟು ಹೊತ್ತಿನ ಮಳೆ, ಎರಡೂ ತಿಳಿಯುತ್ತದೆ. ‘ಕುಂಭದ್ರೋಣ’ದಲ್ಲಿ ತಿಳಿಯುವುದು ವರದಿಗಾರನ ಅವಸರ ಮಾತ್ರ.

ನಮಗೆ ಬರಹ ಕಳಿಸುವವರಲ್ಲಿ, ಮುಖ್ಯವಾಗಿ ಅನುವಾದಕರಲ್ಲಿ, ಒಂದು ಕೋರಿಕೆ. ನುಡಿಗಟ್ಟು ಬರೆಯುವ ಮುಂಚೆ ನಿಮ್ಮೂರಿನಲ್ಲಿ ಯಾರಾದರೂ ಈಗಲೂ ಹಾಗೆ ಅನ್ನುತ್ತಾರೆಯೇ ಎಂದು ನೋಡಿ. ಅನ್ನುತ್ತಾರಾದರೆ ಧಾರಾಳವಾಗಿ ಬರೆಯಿರಿ. ಇಲ್ಲವಾದರೆ ‘ಜೋರು ಮಳೆ ಬಂತು’ ಎಂದರೂ ಸಾಕು.